ರಾಜಕಾಲುವೆಗೆ ಕಾಂಕ್ರೀಟ್ ಹಾಕಿದರೆ ನೆರೆ ನಿಲ್ಲುತ್ತದೆಯೇ? ಮ್ಯಾನಿಂಗ್ ಕಥೆಯಲ್ಲಿದೆ ಉತ್ತರ

ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆ ಜೋರು ಮಳೆ ಬಂದಾಗಲೆಲ್ಲ ಕೇಳಿಬರುವ ಮಾತು: ರಾಜಕಾಲುವೆಗೆ ಕಾಂಕ್ರೀಟ್ ಹಾಕಿಬಿಟ್ಟರೆ ಮನೆಗಳಿಗೆ ನೀರು ನುಗ್ಗುವುದಿಲ್ಲ. ಇದು ಅರ್ಧ ಸತ್ಯ. ಕಾಲುವೆಯಲ್ಲಿ ನೀರಿನ ವೇಗ ಲೆಕ್ಕ ಹಾಕಲು ಎಂಜಿನಿಯರ್‌ಗಳು ಇಂದಿಗೂ ಬಳಸುವ ಸೂತ್ರ ರಾಬರ್ಟ್ ಮ್ಯಾನಿಂಗ್ ಅವರದು.

ಯಾರು ಈ ಮ್ಯಾನಿಂಗ್?

ಹುಟ್ಟಿದ್ದು 1816ರಲ್ಲಿ, ಫ್ರಾನ್ಸ್‌ನ ನಾರ್ಮಂಡಿಯಲ್ಲಿ. ಬೆಳೆದದ್ದು ಐರ್ಲೆಂಡ್‌ನಲ್ಲಿ. ಮೊದಲು ಮಾಡಿದ್ದು ಲೆಕ್ಕಪತ್ರದ ಕೆಲಸ. ಐರ್ಲೆಂಡ್ ಭೀಕರ ಬರದಲ್ಲಿದ್ದ 1846ರಲ್ಲಿ ಅವರು ಸರ್ಕಾರದ ಲೋಕೋಪಯೋಗಿ ಇಲಾಖೆಯ ಒಳಚರಂಡಿ ವಿಭಾಗ ಸೇರಿದರು. ನೀರಿನ ಹರಿವಿನ ಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿತವರಲ್ಲ, ಪುಸ್ತಕ ಓದಿ ಕಲಿತರು. 1874ರಲ್ಲಿ ಅದೇ ಇಲಾಖೆಯ ಮುಖ್ಯ ಎಂಜಿನಿಯರ್ ಆದರು.

1889ರಲ್ಲಿ, 73ನೇ ವಯಸ್ಸಿನಲ್ಲಿ, ಅದುವರೆಗೆ ಬಂದಿದ್ದ ಏಳು ಸೂತ್ರಗಳನ್ನು ಹೋಲಿಸಿ ತಮ್ಮ ಸೂತ್ರ ಮಂಡಿಸಿದರು. ಆದರೆ ಅದು ಅವರಿಗೇ ಪೂರ್ತಿ ಹಿಡಿಸಲಿಲ್ಲ. ಘನಮೂಲದ ಲೆಕ್ಕ ಆ ಕಾಲಕ್ಕೆ ತ್ರಾಸದಾಯಕ, ಅಳತೆಯ ಮಾನಗಳೂ ಸರಿಹೊಂದುತ್ತಿರಲಿಲ್ಲ. ಬದಲಿಗೆ ಇನ್ನೊಂದು ಸೂತ್ರ ಕೊಟ್ಟರು. ಜಗತ್ತು ಮಾತ್ರ ಮೊದಲನೆಯದನ್ನೇ ಉಳಿಸಿಕೊಂಡಿತು. 1897ರಲ್ಲಿ ಅವರು ತೀರಿಕೊಂಡರು.

ಸೂತ್ರ ಏನು ಹೇಳುತ್ತದೆ?

ನೀರಿನ ವೇಗ ಮೂರು ಸಂಗತಿಗಳನ್ನು ಅವಲಂಬಿಸಿದೆ: ಕಾಲುವೆಯ ಇಳಿಜಾರು, ಅದರಲ್ಲಿರುವ ನೀರಿನ ಆಳ-ಅಗಲ, ಮತ್ತು ಮೇಲ್ಮೈಯ ಒರಟುತನ. ಒರಟುತನವನ್ನು ಸೂಚಿಸುವ ಸಂಖ್ಯೆಗೆ ‘ಮ್ಯಾನಿಂಗ್ ಎನ್’ ಎಂದು ಹೆಸರು. ನುಣುಪಾದ ಕಾಂಕ್ರೀಟ್‌ಗೆ ಅದು ಸುಮಾರು 0.015. ಸ್ವಚ್ಛವಾದ ಮಣ್ಣಿನ ಕಾಲುವೆಗೆ ಸುಮಾರು 0.022. ಕಳೆ ಬೆಳೆದರೆ 0.045 ದಾಟಬಹುದು. ಇದನ್ನು ನೇರವಾಗಿ ಅಳೆಯುವ ಮೀಟರ್ ಇಲ್ಲ. ಕಾಲುವೆ ನೋಡಿ, ಕೋಷ್ಟಕಕ್ಕೆ ಹೋಲಿಸಿ, ಅನುಭವದಿಂದ ಅಂದಾಜು ಮಾಡುತ್ತಾರೆ.

ಹಾಗಾದರೆ ನಿಜವೇನು?

ಇಳಿಜಾರು, ಆಳ ಅಷ್ಟೇ ಇದ್ದು ಈ ಸಂಖ್ಯೆ 0.015ರಿಂದ 0.045ಕ್ಕೆ ಏರಿದರೆ ನೀರಿನ ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೂಳು, ಕಸ, ಕಟ್ಟಡದ ಅವಶೇಷ ತುಂಬಿದ ಕಾಂಕ್ರೀಟ್ ಕಾಲುವೆ ಹೆಸರಿಗಷ್ಟೇ ಕಾಂಕ್ರೀಟ್. ನೀರಿಗೆ ಜಾಗವೂ ಕಡಿಮೆ, ವೇಗವೂ ಕಡಿಮೆ.

ಶುಚಿಯಾಗಿದ್ದರೂ ಇನ್ನೊಂದು ಸಮಸ್ಯೆ ಇದೆ. ಮಡಿವಾಳ ಕೆರೆಯ ನೀರು ಅಗರ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ ಹೋಗುತ್ತದೆ. ಮೇಲೆ ನೀರು ಬೇಗ ಹರಿದರೆ ಕೆಳಗಿನವರಿಗೆ ಅದು ಒಟ್ಟಿಗೇ ಬಂದು ಬೀಳುತ್ತದೆ. ನೀರು ಇಂಗಲು ಮಣ್ಣೂ ಉಳಿದಿರುವುದಿಲ್ಲ.

ಆದ್ದರಿಂದ ಕಾಂಕ್ರೀಟ್ ಒಂದೇ ಪರಿಹಾರವಲ್ಲ. ಕಾಲುವೆಗೆ ಕಸ ಎಸೆಯಬೇಡಿ. ಮಳೆಗಾಲಕ್ಕೆ ಮೊದಲೇ ಹೂಳು ತೆಗೆಸುವಂತೆ ವಾರ್ಡ್ ಕಚೇರಿಯನ್ನು ಕೇಳಿ. ಕೆರೆಗಳಿಗೆ ನೀರು ನಿಲ್ಲುವ ಜಾಗ ಉಳಿಯಲಿ.