ಮಿರಜದ ಡಾಕ್ಟರ್, ಅವರ ಹಿಂದೆ ನಿಂತ ಸಭೆ

ಪ್ರಿಯ ಯೌವನಸ್ಥರೇ, ಈಗ ತಾನೇ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯ ಓದಿದ್ವಿ. ಪೌಲನು ಥೆಸಲೊನೀಕದಲ್ಲಿದ್ದಾಗ ಆ ಸಭೆಯವರು ಒಂದೆರಡು ಸಾರಿ ಸಹಾಯ ಕಳಿಸಿದರು. ಸೆರೆಯಲ್ಲಿದ್ದಾಗ ಎಪಫ್ರೊದೀತನ ಕೈಯಲ್ಲಿ ಕಾಣಿಕೆ ಕಳಿಸಿದರು. ಪೌಲನ ಹೆಸರು ನಮಗೆಲ್ಲ ಗೊತ್ತು. ಕಾಣಿಕೆ ಕೊಟ್ಟವರಲ್ಲಿ ಹೆಚ್ಚಿನವರ ಹೆಸರು ಗೊತ್ತಿಲ್ಲ. ಆದರೆ ದೇವರಿಗೆ ಗೊತ್ತು, ಆಮೆನ್?

ಇದೇ ಮಾತನ್ನ ಒಬ್ಬ ಡಾಕ್ಟರ ಜೀವನದಲ್ಲಿ ನೋಡೋಣ. ಬೆಂಗಳೂರಿಂದ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದವರಿಗೆ ಮಿರಜ ಗೊತ್ತಿರುತ್ತೆ. ಬೆಳಗಾವಿ ದಾಟಿ, ಮಹಾರಾಷ್ಟ್ರದ ಗಡಿಯಲ್ಲಿರುವ ಊರು. ಅಥಣಿ, ರಾಯಬಾಗ ಕಡೆಯ ಕನ್ನಡದ ಜನ ದೊಡ್ಡ ಕಾಯಿಲೆ ಅಂದ್ರೆ ಇವತ್ತಿಗೂ ಮಿರಜಕ್ಕೆ ಹೋಗ್ತಾರೆ. ಅಲ್ಲಿರೋ ವಾನ್ಲೆಸ್ ಆಸ್ಪತ್ರೆಯನ್ನ ಶುರು ಮಾಡಿದವರು ವಿಲಿಯಂ ಜೇಮ್ಸ್ ವಾನ್ಲೆಸ್.

ಅವರು 1865ರಲ್ಲಿ ಕೆನಡಾದಲ್ಲಿ ಹುಟ್ಟಿದರು. ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿ, 1889ರಲ್ಲಿ ಪದವಿ ಮುಗಿಸಿದ ವರ್ಷವೇ ಹೆಂಡತಿ ಮೇರಿ ಜೊತೆ ಹಡಗು ಹತ್ತಿದರು. ವಯಸ್ಸು 24. ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು ಅಷ್ಟೇ. ಬಂದ ಕಡೆ ಜನರ ಭಾಷೆ ಬರೋದಿಲ್ಲ, ಆಸ್ಪತ್ರೆಯ ಕಟ್ಟಡ ಇಲ್ಲ. ಮೊದಲು ಸಾಂಗ್ಲಿಯಲ್ಲಿ ಒಂದು ಸಣ್ಣ ದವಾಖಾನೆ ತೆರೆದರು. ಆಮೇಲೆ ಮಿರಜಕ್ಕೆ ಬಂದರು. 1894ರಲ್ಲಿ ಅಲ್ಲಿ ಆಸ್ಪತ್ರೆ ಎದ್ದಿತು. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಗಳ ವಿಶ್ವಾಸಿಗಳು ಈ ಸೇವೆಗೆ ಹಣ ಕಳಿಸ್ತಿದ್ರು. ಅವರಲ್ಲಿ ಹೆಚ್ಚಿನವರು ಮಿರಜವನ್ನ ಕಣ್ಣಲ್ಲಿ ನೋಡಿದವರೇ ಅಲ್ಲ.

ವಾನ್ಲೆಸ್ ಒಳ್ಳೆ ಸರ್ಜನ್. ಕಣ್ಣಿನ ಪೊರೆ ತೆಗೆಯೋದರಲ್ಲಿ ಹೆಸರಾದರು. ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, ಕ್ಷಯರೋಗಿಗಳಿಗೆ ಬೇರೆ ಆಸ್ಪತ್ರೆಯಾಯಿತು. ಆದರೆ ಒಬ್ಬರ ಎರಡು ಕೈ ಎಷ್ಟು ಜನರಿಗೆ ಸಾಕಾಗುತ್ತೆ? ಅದಕ್ಕೆ 1897ರಲ್ಲಿ ವೈದ್ಯಕೀಯ ಶಾಲೆ ತೆರೆದು, ಈ ನಾಡಿನ ಹುಡುಗರಿಗೇ ಕಲಿಸಿದರು. ಮುಂದೆ ಡಾ. ವೇಲ್ ಎಂಬ ಇನ್ನೊಬ್ಬ ಸರ್ಜನ್ ಬಂದು ಹೆಗಲು ಕೊಟ್ಟರು. ಹೀಗೆ ಸುಮಾರು 40 ವರ್ಷ ನಡೆಯಿತು. 1928ರಲ್ಲಿ ಅವರಿಗೆ ಸರ್ ಪದವಿ ಸಿಕ್ಕಿತು, ಅದೇ ವರ್ಷ ನಿವೃತ್ತರಾದರು. 1933ರಲ್ಲಿ ಕರ್ತನ ಬಳಿಗೆ ಹೋದರು. ಆಸ್ಪತ್ರೆ ನಿಲ್ಲಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ರಷ್ಯಾ, ಫಿಲಿಪ್ಪೀನ್ಸ್, ಜಾರ್ಜಿಯಾದಲ್ಲಿ ಎಂಬಿಬಿಎಸ್ ಓದಿ ಬರುವ ಮಕ್ಕಳು ನಮ್ಮ ಮಧ್ಯದಲ್ಲೂ ಇದ್ದಾರೆ. ಬಂದ ಮೇಲೆ ಎಫ್‌ಎಂಜಿಇ ಪರೀಕ್ಷೆ ಬರೀಬೇಕು, 300ಕ್ಕೆ 150 ಅಂಕ ಬೇಕು. ಆಮೇಲೆ ಇಂಟರ್ನ್‌ಶಿಪ್. ಒಂದು ಸಾರಿ ಫೇಲಾದ್ರೆ ಸಾಕು, ದುಡ್ಡು ಕೊಟ್ಟು ಡಿಗ್ರಿ ತಂದವರು ಅಂತ ಸಂಬಂಧಿಕರೇ ಆಡಿಕೊಳ್ತಾರೆ. ಪಾಸಾಗಿ ಯಾವುದೋ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿ ಒಬ್ಬಂಟಿ. ರಾತ್ರಿ ಹೆರಿಗೆ ಕೇಸ್ ಬಂದಾಗ ಕೈ ನಡುಗುತ್ತೆ, ಪಕ್ಕದಲ್ಲಿ ಕೇಳೋಕೆ ಹಿರಿಯ ಡಾಕ್ಟರ್ ಇರಲ್ಲ. ಹೀಗೆ ಒಂಟಿಯಾಗಿ ಬಳಲಿದವರು ಕೆಲಸ ಬಿಟ್ಟು ಬಂದ್ರೆ, ಆ ಹಳ್ಳಿಯ ತಾಯಿ ಯಾರ ಹತ್ತಿರ ಹೋಗಬೇಕು?

ನಮ್ಮದು ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಸಭೆ. ಅದೇ ಕೈ ಡಾಕ್ಟರಿಗೂ ಆಸರೆ ಆಗಬೇಕು. ಪರೀಕ್ಷೆಗೆ ಓದ್ತಾ ಇರೋರಿಗೆ ಒಂದು ರೂಮು, ಒಂದು ಹೊತ್ತಿನ ಊಟ ಕೊಡಿ. ಹಳ್ಳಿಗೆ ಹೋದವರಿಗೆ ವಾರಕ್ಕೊಮ್ಮೆ ಫೋನ್ ಮಾಡಿ, ಸಾಧ್ಯವಾದರೆ ಹೋಗಿ ಬನ್ನಿ. ಸಭೆಯಲ್ಲಿ ಅನುಭವ ಇರುವ ಡಾಕ್ಟರು, ನರ್ಸುಗಳು ಇದ್ದರೆ, ರಾತ್ರಿ ಹೊತ್ತಲ್ಲೂ ಕರೆ ಬಂದ್ರೆ ಎತ್ತಿ ಮಾತಾಡಿ.

ಈಗ ಎದ್ದು ನಿಲ್ಲೋಣ. ನಿಮಗೆ ಗೊತ್ತಿರುವ ಒಬ್ಬ ಡಾಕ್ಟರ ಹೆಸರನ್ನ ಕರ್ತನ ಮುಂದೆ ಹೇಳಿ ಪ್ರಾರ್ಥಿಸಿ. ಮನೆಗೆ ಹೋಗೋ ಮೊದಲು ಅವರಿಗೆ ಫೋನ್ ಮಾಡಿ. ದೇವರು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.