ಪಂಡಿತಾ ರಮಾಬಾಯಿಯವರ ಎರಡನೆಯ ಜನ್ಮ

ಕೇಡಗಾಂವಿನ ಮುಕ್ತಿ ಸದನದ ಸ್ಥಾಪಕರಾದ ಪಂಡಿತಾ ರಮಾಬಾಯಿಯವರ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಆದರೆ ಅವರು ಹುಟ್ಟಿದ್ದು ನಮ್ಮ ಕನ್ನಡ ನಾಡಿನಲ್ಲಿಯೇ ಎಂಬುದನ್ನು ಬಲ್ಲವರು ಹೆಚ್ಚು ಮಂದಿ ಇರಲಾರರು. ಸಹ್ಯಾದ್ರಿಯಲ್ಲಿ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಅರಣ್ಯದೊಳಗೆ, 1858ನೆಯ ಇಸವಿ ಏಪ್ರಿಲ್ 23ರಂದು ಅವರ ಜನನವಾಯಿತು. ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಸ್ತ್ರೀಯರಿಗೆ ದೇವಭಾಷೆಯನ್ನು ಕಲಿಸುವುದು ಅಧರ್ಮವೆಂದು ನೆರೆಹೊರೆಯವರು ಹಳಿದರೂ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ತಾಯಿಯು ಮಗಳಿಗೆ ಕಲಿಸಿದಳು. ಒಬ್ಬ ತಂದೆಯ ಈ ಹಟದಿಂದಲೇ ಮುಂದಿನ ಸಂಗತಿಗಳೆಲ್ಲವೂ ಹುಟ್ಟಿದವೆಂಬುದನ್ನು ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳು ಗಮನಿಸಬೇಕು.

ಆಸ್ತಿಯು ಕರಗಿಹೋಗಲಾಗಿ ಆ ಕುಟುಂಬವು ಪುರಾಣಗಳನ್ನು ಓದಿ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಅಲೆಯಿತು. ವ್ರತ, ಉಪವಾಸ, ತೀರ್ಥಸ್ನಾನ, ದಾನ ಮುಂತಾದ ಯಾವುದನ್ನೂ ಅವರು ಬಿಡಲಿಲ್ಲ. ಅನಂತ ಶಾಸ್ತ್ರಿಗಳ ಭಕ್ತಿಯು ಕಪಟವಾಗಿರಲಿಲ್ಲ; ಇದನ್ನು ಮಗಳು ಕ್ರೈಸ್ತಳಾದ ಮೇಲೆಯೂ ಗೌರವದಿಂದ ನೆನೆಯುತ್ತಿದ್ದಳು. ಬರಗಾಲವು ಬಂದಾಗ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವೆಗೆ ತುತ್ತಾದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಮಾತ್ರ. ಬಾಯಿಯಿಂದ ಸಹಸ್ರಾರು ಶ್ಲೋಕಗಳು ಹರಿದರೂ ಹೃದಯವು ಬರಿದಾಗಿಯೇ ಇರಬಹುದೆಂಬ ಸಂಶಯವು ಆ ಎಳೆಯ ವಯಸ್ಸಿನಲ್ಲಿಯೇ ಅವರಲ್ಲಿ ಬೇರೂರಿತು.

1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ಜಾತಿಯ ಕಟ್ಟನ್ನು ಮೀರಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರೊಡನೆ ವಿವಾಹವಾಯಿತು. ಮನೋರಮೆಯೆಂಬ ಮಗಳು ಹುಟ್ಟಿ ವರುಷ ತುಂಬುವ ಮೊದಲೇ, 1882ರಲ್ಲಿ, ಪತಿಯು ಕಾಲರಾದಿಂದ ಮರಣ ಹೊಂದಿದರು. ಅಸ್ಸಾಮಿನ ಸಿಲ್ಚಾರಿನ ಅವರ ಮನೆಯಲ್ಲಿ ಲೂಕನು ಬರೆದ ಸುವಾರ್ತೆಯ ಬಂಗಾಳಿ ಪ್ರತಿಯೊಂದು ರಮಾಬಾಯಿಯವರ ಕೈಗೆ ದೊರಕಿತ್ತು. 

ಬಳಿಕ ಅವರು ಪೂನಾದಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ತೆರಳಿದರು. ವಾಂಟೇಜಿನ ಸಂತ ಮರಿಯಳ ಕನ್ಯಾಮಠದ ಸಹೋದರಿಯರು ಲಂಡನಿನಲ್ಲಿ ಪತಿತ ಸ್ತ್ರೀಯರನ್ನು ಎತ್ತಿ ನಿಲ್ಲಿಸುತ್ತಿದ್ದ ರೀತಿಯನ್ನು ಕಂಡು, ಸಮಾರ್ಯದ ಸ್ತ್ರೀಯ ಕಥೆಯನ್ನು ಓದಿ, ಅವರ ಮನಸ್ಸು ಕರಗಿತು. ಅದೇ ವರುಷ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು.

ಕಥೆಯು ಇಲ್ಲಿಗೆ ಮುಗಿಯಿತೆಂದು ಯಾರಾದರೂ ತಿಳಿದಾರು. ಹೊರಗಿನವರ ಕಣ್ಣಿಗೆ ಏನೂ ಕೊರತೆಯಿರಲಿಲ್ಲ: ದೀಕ್ಷೆಯಾಗಿತ್ತು, ಆರಾಧನೆಗೆ ತಪ್ಪದೆ ಹೋಗುತ್ತಿದ್ದರು, ಎರಡು ಖಂಡಗಳಲ್ಲಿ ಕೀರ್ತಿಯಿತ್ತು. ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ತಾವೂ ಕಲಿತು ಸಂಸ್ಕೃತವನ್ನೂ ಕಲಿಸಿದರು. ಆದರೂ ಒಳಗೆ ನೆಮ್ಮದಿಯಿರಲಿಲ್ಲ. ತ್ರಿಯೇಕತ್ವ ಮುಂತಾದ ಸಿದ್ಧಾಂತಗಳನ್ನು ಕುರಿತು ಅವರು ಕನ್ಯಾಮಠದ ಗುರುವಮ್ಮನವರೊಡನೆ ಪತ್ರಮುಖೇನ ದೀರ್ಘವಾಗಿ ವಾದಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ನಮ್ಮ ಸಂಸ್ಕೃತವೇಕಾಗಬಾರದು ಎಂದೂ ಕೇಳಿದರು. ಇದು ಅಹಂಕಾರವೆಂದು ಕೆಲವರಿಗೆ ತೋರಿತು. ನಮಗಾದರೋ, ಒಪ್ಪದ್ದನ್ನು ಒಪ್ಪಿದಂತೆ ನಟಿಸಲಾರದ ಪ್ರಾಮಾಣಿಕತೆಯೆಂದೇ ತೋರುತ್ತದೆ.

ಅಮೇರಿಕದಲ್ಲಿ ಸಹಾಯ ಸಂಘವನ್ನು ಏರ್ಪಡಿಸಿಕೊಂಡು ಸ್ವದೇಶಕ್ಕೆ ಮರಳಿ, 1889ರ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರು ವರುಷ ಅದು ಪೂನಾಕ್ಕೆ ಬಂತು. ಆಗ, 1891ರ ಸುಮಾರಿಗೆ, ವಿಲಿಯಂ ಹ್ಯಾಸ್ಲಂ ಎಂಬ ಆಂಗ್ಲ ಪಾದ್ರಿಯ ಆತ್ಮಕಥೆಯನ್ನು ಅವರು ಓದಿದರು. ಈ ಪಾದ್ರಿಯು ಕಾರ್ನ್‌ವಾಲಿನಲ್ಲಿ ಹಲವು ವರುಷ ಸಭೆಯ ನೇಮಗಳನ್ನೆಲ್ಲಾ ಶ್ರದ್ಧೆಯಿಂದ ನಡೆಸಿದ್ದರೂ, 1851ರಲ್ಲಿ ಒಂದು ದಿನ ತಮ್ಮ ಪ್ರಸಂಗಪೀಠದಲ್ಲಿ ನಿಂತು ಬೋಧಿಸುತ್ತಿರುವಾಗಲೇ, ಕ್ರಿಸ್ತನನ್ನು ತಾವು ಅರಿತೇ ಇಲ್ಲವೆಂದು ಕಂಡುಕೊಂಡು ಮಾರ್ಪಟ್ಟರು. ಬೋಧಿಸುವವನೇ ಬೋಧನೆಯಿಂದ ಬದಲಾದ ಈ ಸಂಗತಿಯು ರಮಾಬಾಯಿಯವರನ್ನು ಕನ್ನಡಿಯಂತೆ ಎದುರಿಸಿತು. ದೀಕ್ಷೆಯಾಗಿ ಎಂಟು ವರುಷಗಳಾದ ಮೇಲೆ, ತಮಗೆ ಕ್ರೈಸ್ತ ಧರ್ಮವು ದೊರಕಿದೆಯೇ ಹೊರತು ಕ್ರಿಸ್ತನು ದೊರಕಿಲ್ಲವೆಂದು ಅವರು ಒಪ್ಪಿಕೊಂಡರು. ಬಾಲ್ಯದಲ್ಲಿ ತೀರ್ಥಕ್ಷೇತ್ರಗಳಲ್ಲಿ ಕಂಡ ಬರಿದುತನವೇ ಈಗ ತಮ್ಮ ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುವೆಯೂ ಇದೆಯೆಂದು ಕಾಣಲು ಎಷ್ಟು ಧೈರ್ಯವು ಬೇಕು! ಪಂಡಿತೆಯೆಂದು ಲೋಕವೇ ಹೊಗಳುತ್ತಿರುವಾಗ ಅದು ಇನ್ನೂ ಕಷ್ಟ.

ನಮ್ಮ ಸಾದಲಿ, ಶಿಡ್ಲಘಟ್ಟಗಳ ಕಡೆ ರೇಷ್ಮೆ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಇದು ಸುಲಭವಾಗಿ ತಿಳಿದೀತು. ಹುಳುವು ನಾಲ್ಕು ಜ್ವರಗಳಲ್ಲಿ ನಾಲ್ಕು ಸಲ ಪೊರೆಯನ್ನು ಕಳಚಿದರೂ ಹುಳುವಾಗಿಯೇ ಇದ್ದು ಸೊಪ್ಪನ್ನೇ ತಿನ್ನುತ್ತದೆ. ಗೂಡಿನೊಳಗೆ ನಡೆಯುವ ಮಾರ್ಪಾಟು ಬೇರೆಯೇ. ಕ್ರೈಸ್ತ ಮನೆಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ದೀಕ್ಷೆ ಹೊಂದಿ, ಕೀರ್ತನೆಗಳನ್ನು ಬಾಯಿಪಾಠ ಮಾಡಿದ ನಮ್ಮಂಥವರಿಗೆ ಪೊರೆಯನ್ನೇ ರೆಕ್ಕೆಯೆಂದು ತಿಳಿಯುವ ಅಪಾಯವು ಹೆಚ್ಚು.

ಈ ಮಾರ್ಪಾಟಿನ ಬೆಲೆಯು ಬೇಗನೆ ತೆರಬೇಕಾಯಿತು. ಸದನದಲ್ಲಿ ಯಾರಿಗೂ ಮತಬೋಧನೆ ಮಾಡಬಾರದೆಂಬ ಒಪ್ಪಂದವಿತ್ತು. ರಮಾಬಾಯಿಯವರು ಯಾರನ್ನೂ ಕರೆಯದಿದ್ದರೂ, ಮಗಳೊಡನೆ ಪ್ರಾರ್ಥಿಸುವಾಗ ತಮ್ಮ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಬಾಲೆಯರು ತಾವಾಗಿ ಬಂದು ಕುಳಿತರು. 1893ರಲ್ಲಿ ಪೂನಾದಲ್ಲಿ ಕೋಲಾಹಲವಾಗಿ, ರಾನಡೆ, ಭಾಂಡಾರಕರರಂಥ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರಬಂದರು. ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಪೋಷಕರ ಕಳವಳವು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ದೊರಕಿದ ಜೀವವನ್ನು ಬಚ್ಚಿಡುವುದು ರಮಾಬಾಯಿಯವರಿಗೂ ಸಾಧ್ಯವಿರಲಿಲ್ಲ.

ಹೊಸ ಜನ್ಮವು ನಿಜವೋ ಎಂಬುದನ್ನು ಬರಗಾಲವು ಪರೀಕ್ಷಿಸಿತು. 1896-97ರಲ್ಲಿ ಮಧ್ಯ ಪ್ರಾಂತ್ಯಗಳು ಕ್ಷಾಮಕ್ಕೆ ಸಿಕ್ಕಿದಾಗ, ಹಸಿವೆಯಿಂದ ತಂದೆತಾಯಿಗಳನ್ನು ಕಳೆದುಕೊಂಡಿದ್ದ ಆ ಸ್ತ್ರೀಯು ತಾನೇ ಹೊರಟು ನೂರಾರು ಬಾಲೆಯರನ್ನೂ ವಿಧವೆಯರನ್ನೂ ಕರೆತಂದಳು. ಪೂನಾದಲ್ಲಿ ಪ್ಲೇಗಿನ ನಿರ್ಬಂಧಗಳಿದ್ದುದರಿಂದ ಅವರಿಗೆ ಕೇಡಗಾಂವಿನ ಹೊಲವೇ ಆಶ್ರಯವಾಯಿತು. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿ ಸುಮಾರು 2000 ಮಂದಿಯಿದ್ದರು. ಕೇವಲ ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದೆಂದು ಅವರು ಕಲಿಸಲಿಲ್ಲ; ನೇಯ್ಗೆ, ಎಣ್ಣೆ ಗಾಣ, ಹೈನು, ಬೇಸಾಯ, ಅಚ್ಚುಕೂಟಗಳನ್ನು ಸ್ತ್ರೀಯರೇ ನಡೆಸಿದರು. ಕುರುಡರಿಗೆ ಪಾಠವಿತ್ತು, ಪತಿತ ಸ್ತ್ರೀಯರಿಗೆ ಕೃಪಾ ಸದನವಿತ್ತು. ಕನ್ನಡ ಸೀಮೆಯನ್ನೂ ಮರೆಯದೆ, ಮನೋರಮಾಬಾಯಿಯವರ ಮುಖಾಂತರ ಗುಲ್ಬರ್ಗದಲ್ಲಿ ಶಾಲೆಯೊಂದನ್ನು ತೆರೆದರು.

1905ರ ಜೂನ್ ತಿಂಗಳ ಕೊನೆಯಲ್ಲಿ ಮುಕ್ತಿಯ ಬಾಲೆಯರಲ್ಲಿ ಮಹಾ ಉಜ್ಜೀವನವುಂಟಾಯಿತು. ಅವರು ಅತ್ತು ಪಾಪಗಳನ್ನು ಒಪ್ಪಿಕೊಂಡರು, ಗಟ್ಟಿಯಾಗಿ ಪ್ರಾರ್ಥಿಸಿದರು. ಆ ಗದ್ದಲವನ್ನು ಆಕ್ಷೇಪಿಸಿದವರೂ ಇದ್ದರು. ರಮಾಬಾಯಿಯವರು ತಡೆಯಲಿಲ್ಲ. ಅತ್ತವರು ಮರುದಿನ ಬೀಸುವ ಕಲ್ಲಿನ ಮುಂದೆಯೂ ರೋಗಿಗಳ ಹಾಸಿಗೆಯ ಬಳಿಯಲ್ಲಿಯೂ ಹೇಗಿರುವರೆಂಬುದೇ, ನಮ್ಮ ಎಣಿಕೆಯಲ್ಲಿ, ಆ ಕಣ್ಣೀರಿನ ಒರೆಗಲ್ಲು.

ಅವರ ಕೊನೆಯ ವರುಷಗಳು ಬೈಬಲಿನ ಭಾಷಾಂತರದಲ್ಲಿ ಕಳೆದವು. ಹಳ್ಳಿಯ ಸ್ತ್ರೀಯರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಬರೆಯಬೇಕೆಂದು, ಮಧ್ಯ ವಯಸ್ಸು ದಾಟುವಾಗ ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. 1921ರ ಜುಲೈಯಲ್ಲಿ ಮನೋರಮಾಬಾಯಿಯವರು ತೀರಿಕೊಂಡರು. ಒಬ್ಬಳೇ ಮಗಳನ್ನು ಮಣ್ಣಿಗಿಟ್ಟ ತಾಯಿಯು ಮತ್ತೆ ಬಂದು ಕರಡುಗಳ ಮುಂದೆ ಕುಳಿತು ತಿದ್ದುವುದನ್ನು ಮುಂದುವರಿಸಿದಳು. ಕೆಲಸವು ಕೈಗೂಡಿದ ಮೇಲೆ, 1922ನೆಯ ಇಸವಿ ಏಪ್ರಿಲ್ 5ರಂದು, ಅವರು ಕಣ್ಣು ಮುಚ್ಚಿದರು. ಬೈಬಲಿನ ಅಚ್ಚು ಮೊಳೆಗಳನ್ನು ಜೋಡಿಸಿ ಅದನ್ನು ಮುದ್ರಿಸಿದವರು, ಬರಗಾಲದ ದಾರಿಗಳಲ್ಲಿ ಅವರು ಎತ್ತಿ ತಂದಿದ್ದ ಆ ಹೆಣ್ಣುಮಕ್ಕಳೇ.