ಮೈಕ್ ಹೇಲ್‌ವುಡ್

ಸ್ಟ್ಯಾನ್ಲಿ ಮೈಕಲ್ ಬೇಲಿ ಹೇಲ್‌ವುಡ್ (2 ಏಪ್ರಿಲ್ 1940 – 23 ಮಾರ್ಚ್ 1981) ಇಂಗ್ಲೆಂಡಿನ ಪ್ರಸಿದ್ಧ ಮೋಟಾರ್‌ಸೈಕಲ್ ಸ್ಪರ್ಧಿ. ಇವರು 76 ಗ್ರ್ಯಾನ್ ಪ್ರಿ ಸ್ಪರ್ಧೆಗಳನ್ನು ಗೆದ್ದು, ಒಂಬತ್ತು ಬಾರಿ ಗ್ರ್ಯಾನ್ ಪ್ರಿ ವಿಶ್ವ ಚಾಂಪಿಯನ್ ಆದರು. ರಸ್ತೆ ಬೈಕನ್ನು ಆಧರಿಸಿದ ಡುಕಾಟಿ ಯಂತ್ರದಲ್ಲಿ 1978ರಲ್ಲಿ ಪಡೆದ ಗೆಲುವಿನಿಂದ, ಸೂಪರ್‌ಬೈಕ್ ಓಟದ ಇತಿಹಾಸದಲ್ಲಿಯೂ ಇವರಿಗೆ ವಿಶೇಷ ಸ್ಥಾನವಿದೆ.

ಆರಂಭಿಕ ಜೀವನ

ಹೇಲ್‌ವುಡ್ ಆಕ್ಸ್‌ಫರ್ಡ್‌ಶೈರ್‌ನ ಗ್ರೇಟ್ ಮಿಲ್ಟನ್‌ನಲ್ಲಿ ಜನಿಸಿದರು. ತಂದೆ ಸ್ಟ್ಯಾನ್ ಮೋಟಾರ್‌ಸೈಕಲ್ ಮಾರಾಟದಿಂದ ಶ್ರೀಮಂತರಾಗಿದ್ದವರು. 1957ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಹೇಲ್‌ವುಡ್ ಔಲ್ಟನ್ ಪಾರ್ಕ್‌ನಲ್ಲಿ ಮೊದಲ ಬಾರಿಗೆ ಸ್ಪರ್ಧಿಸಿದರು.

ಗ್ರ್ಯಾನ್ ಪ್ರಿ ಸಾಧನೆ

1961ರಲ್ಲಿ ಹೋಂಡಾ ಯಂತ್ರದೊಂದಿಗೆ 250 ಸಿಸಿ ವಿಶ್ವ ಪ್ರಶಸ್ತಿಯನ್ನು ಪಡೆದರು. ಅದೇ ವರ್ಷ ಐಲ್ ಆಫ್ ಮ್ಯಾನ್ ಟಿಟಿಯಲ್ಲಿ ಒಂದೇ ವಾರದೊಳಗೆ ಮೂರು ಸ್ಪರ್ಧೆಗಳನ್ನು ಗೆದ್ದ ಮೊದಲಿಗರಾದರು. 1962ರಿಂದ 1965ರವರೆಗೆ ಎಂ.ವಿ. ಅಗಸ್ಟಾ ತಂಡದಲ್ಲಿದ್ದು ಸತತ ನಾಲ್ಕು 500 ಸಿಸಿ ಪ್ರಶಸ್ತಿಗಳನ್ನು ಗಳಿಸಿದರು. ಮತ್ತೆ ಹೋಂಡಾ ಸೇರಿ 1966 ಮತ್ತು 1967ರಲ್ಲಿ 250 ಹಾಗೂ 350 ಸಿಸಿ ವಿಭಾಗಗಳೆರಡರಲ್ಲೂ ವಿಜೇತರಾದರು.

ಕಾರು ಸ್ಪರ್ಧೆ

ಹೋಂಡಾ ಸಂಸ್ಥೆಯು ಗ್ರ್ಯಾನ್ ಪ್ರಿಯಿಂದ ಹಿಂದೆ ಸರಿದ ಬಳಿಕ ಹೇಲ್‌ವುಡ್ ಕಾರು ಸ್ಪರ್ಧೆಯತ್ತ ತಿರುಗಿ, 1972ರಲ್ಲಿ ಯುರೋಪಿಯನ್ ಫಾರ್ಮುಲಾ 2 ಚಾಂಪಿಯನ್ ಆದರು. 1973ರ ದಕ್ಷಿಣ ಆಫ್ರಿಕಾ ಗ್ರ್ಯಾನ್ ಪ್ರಿಯಲ್ಲಿ ಕ್ಲೇ ರೆಗಾಜೋನಿಯವರ ಕಾರು ಹೊತ್ತಿಕೊಂಡಾಗ, ತಮ್ಮ ಉಡುಪಿಗೆ ಬೆಂಕಿ ತಗುಲಿದರೂ ಲೆಕ್ಕಿಸದೆ ಅವರನ್ನು ಹೊರಗೆಳೆದರು. ಈ ಸಾಹಸಕ್ಕಾಗಿ ಜಾರ್ಜ್ ಪದಕ ದೊರೆಯಿತು. 1974ರಲ್ಲಿ ನ್ಯೂರ್ಬರ್ಗ್‌ರಿಂಗ್‌ನಲ್ಲಾದ ಅಪಘಾತದಲ್ಲಿ ಕಾಲಿಗೆ ತೀವ್ರ ಪೆಟ್ಟಾಗಿ ಅವರ ಫಾರ್ಮುಲಾ 1 ಜೀವನ ಮುಗಿಯಿತು.

1978ರ ಪುನರಾಗಮನ

ಹನ್ನೊಂದು ವರ್ಷಗಳ ನಂತರ, 38ನೆಯ ವಯಸ್ಸಿನಲ್ಲಿ, ಹೇಲ್‌ವುಡ್ ಟಿಟಿಗೆ ಮರಳಿದರು. ಅವರು ಆರಿಸಿಕೊಂಡ ಫಾರ್ಮುಲಾ 1 ವಿಭಾಗದಲ್ಲಿ ಮಾರುಕಟ್ಟೆಯಲ್ಲಿ ಸಿಗುವ ಬೈಕುಗಳ ಎಂಜಿನ್ನನ್ನು ಆಧರಿಸಿದ ಯಂತ್ರಗಳಿಗೆ ಮಾತ್ರ ಅವಕಾಶವಿತ್ತು. ಹೋಂಡಾದ ನಾಲ್ಕು ಸಿಲಿಂಡರ್ ಯಂತ್ರವನ್ನು ಹಿಂದಿನ ವರ್ಷದ ವಿಜೇತ ಫಿಲ್ ರೀಡ್ ಓಡಿಸುತ್ತಿದ್ದರು. ಹೇಲ್‌ವುಡ್ ಬಳಿಯಿದ್ದದ್ದು ಎರಡು ಸಿಲಿಂಡರ್‌ಗಳ ಡುಕಾಟಿ. ಸುಮಾರು 60 ಕಿ.ಮೀ. ಉದ್ದದ ಸಾರ್ವಜನಿಕ ರಸ್ತೆಯ ಆರು ಸುತ್ತುಗಳ ಈ ಓಟದಲ್ಲಿ ಅವರು ರೀಡ್ ಅವರನ್ನು ಹಿಂದೆ ಹಾಕಿದರು. ರೀಡ್ ಅವರ ಎಂಜಿನ್ ನಡುವೆಯೇ ಕೆಟ್ಟಿತು. ಈ ಗೆಲುವಿನಿಂದ ಹೇಲ್‌ವುಡ್‌ಗೆ ಟಿಟಿ ಫಾರ್ಮುಲಾ 1 ವಿಶ್ವ ಪ್ರಶಸ್ತಿಯೂ ಲಭಿಸಿತು. ಮರುವರ್ಷ ಸುಜುಕಿಯಲ್ಲಿ ತಮ್ಮ 14ನೆಯ ಹಾಗೂ ಕೊನೆಯ ಟಿಟಿ ವಿಜಯವನ್ನು ಸಾಧಿಸಿದರು.

ನಿಧನ ಮತ್ತು ಪರಂಪರೆ

1981ರ ಮಾರ್ಚ್‌ನಲ್ಲಿ ವಾರಿಕ್‌ಶೈರ್‌ನ ಹೆದ್ದಾರಿಯೊಂದರಲ್ಲಿ ಹೇಲ್‌ವುಡ್ ಅವರ ಕಾರು, ನಿಯಮ ಮೀರಿ ಅಡ್ಡ ತಿರುಗುತ್ತಿದ್ದ ಲಾರಿಗೆ ಡಿಕ್ಕಿ ಹೊಡೆಯಿತು. ಒಂಬತ್ತು ವರ್ಷದ ಮಗಳು ಸ್ಥಳದಲ್ಲೇ ಮೃತಪಟ್ಟಳು, ಮಗ ಬದುಕುಳಿದನು. ಎರಡು ದಿನಗಳ ಬಳಿಕ ಹೇಲ್‌ವುಡ್ ಕೊನೆಯುಸಿರೆಳೆದರು.

ಡುಕಾಟಿ ಸಂಸ್ಥೆಯು ಅವರ ಹೆಸರಿನ ರೆಪ್ಲಿಕಾ ಬೈಕುಗಳನ್ನು 1979ರಿಂದ ಹಲವು ವರ್ಷ ಮಾರಾಟ ಮಾಡಿತು. ರಸ್ತೆ ಬೈಕುಗಳನ್ನು ಆಧರಿಸಿದ ವಿಶ್ವ ಸೂಪರ್‌ಬೈಕ್ ಚಾಂಪಿಯನ್‌ಶಿಪ್ 1988ರಲ್ಲಿ ಆರಂಭವಾಯಿತು. 1990ರಲ್ಲಿ ರೇಮಂಡ್ ರೋಶ್ ಡುಕಾಟಿಗೆ ಅದರ ಮೊದಲ ಪ್ರಶಸ್ತಿಯನ್ನು ತಂದುಕೊಟ್ಟರು. ಆ ಯಂತ್ರವೂ ಎರಡು ಸಿಲಿಂಡರ್‌ಗಳದ್ದೇ ಆಗಿತ್ತು.